ಇಪ್ಪತ್ತೆರಡು ವಾಕ್ಯದ ಸೈಕಲ್ಲು

ಅಂಗಡಿಯಲ್ಲಿ ಬೆಲೆ ಕುದುರದೆ ನಾನು ಎದ್ದು ಹೊರಟರೆ ನನ್ನ ಹೆಂಡತಿ ನನ್ನ ಹಿಂದೆ ಬರುವುದಿಲ್ಲ. ಮದುವೆಯಾಗಿ ನಲವತ್ತು ವರ್ಷ ದಾಟಿದೆ, ಒಂದು ಸಲವೂ ಬಂದಿಲ್ಲ. ಹೋದ ವಾರ ಹೊನ್ನಾಳಿಯ ಪಾತ್ರೆ ಅಂಗಡಿಯಲ್ಲೂ ಹೀಗೇ ಆಯಿತು. ಕುಕ್ಕರಿಗೆ ಅವನು ಹೇಳಿದ್ದು ಒಂದು, ನಾನು ಕೇಳಿದ್ದು ಇನ್ನೊಂದು. ಮುಖದಲ್ಲಿ ಬೇಕಾದಷ್ಟು ಬೇಸರ ತಂದುಕೊಂಡು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದೆ. ಹಿಂತಿರುಗಿ ನೋಡಿದರೆ ಸುಶೀಲ ಸ್ಟೂಲಿನ ಮೇಲೆ ಕೂತೇ ಇದ್ದಾಳೆ, ಕುಕ್ಕರಿನ ಮುಚ್ಚಳ ಹಾಕಿ ತೆಗೆದು ನೋಡುತ್ತಿದ್ದಾಳೆ. ಇನ್ನು ಅಂಗಡಿಯವನು ನನ್ನನ್ನು ಯಾಕೆ ಕರೆದಾನು? ಗಿರಾಕಿ ಅವನ ಮುಂದೆಯೇ ಕೂತಿದೆಯಲ್ಲ.

ವ್ಯಾಪಾರ ಕಲಿಯುವ ಮನಸ್ಸು ನಿಮಗಿದ್ದರೆ ಈ ಎದ್ದು ಹೊರಡುವ ವಿದ್ಯೆಯನ್ನು ಮೊದಲು ಕಲಿಯಿರಿ. ಬಿರಬಿರನೆ ಹೋಗಬಾರದು, ಸಿಟ್ಟಾಗಿದ್ದಾನೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ತೀರ ನಿಧಾನ ಮಾಡಿದರೆ ನಾಟಕ ಅನ್ನುವುದು ಗೊತ್ತಾಗುತ್ತದೆ. ಮನೆಯಲ್ಲಿ ಏನೋ ಕೆಲಸ ನೆನಪಾದವರ ಹಾಗೆ ಹೊರಡಬೇಕು. ಮೂರನೇ ಹೆಜ್ಜೆಗೆ ಅಂಗಡಿಯವನು ಕೆಮ್ಮುತ್ತಾನೆ. ನಾಲ್ಕನೆಯದಕ್ಕೆ "ಯಜಮಾನ್ರೆ, ಬರ್ರಿ ಇಲ್ಲಿ, ಅದೇನ್ ಹಂಗೆ ಹೋಗ್ತೀರಿ" ಅನ್ನುತ್ತಾನೆ. ಈ ವಿದ್ಯೆ ನನಗೆ ಅನ್ನ ಕೊಟ್ಟಿದೆ. ಅದು ಪೂರ್ತಿ ಕೈಕೊಟ್ಟದ್ದು ಒಂದೇ ಸಲ. ಅವತ್ತು ಎದ್ದು ಹೊರಟವಳು ಸುಶೀಲ, ಹೊರಡಿಸಿದವನು ನಾನು.

ಎಂಬತ್ತರ ದಶಕದ ಶುರುವಿನ ಮಾತು. ಆಗ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿ. ನಾನು ಚನ್ನಗಿರಿಯಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಸೈಕಲ್ ಶಾಪ್ ಇಟ್ಟಿದ್ದೆ. ಸುಶೀಲ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಪ್ರೈಮರಿ ಶಾಲೆಯ ಟೀಚರು. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಾವು ಸಂಸಾರ ಮಾಡಿದ್ದು ಶನಿವಾರ ಸಂಜೆಯಿಂದ ಸೋಮವಾರದ ಮೊದಲ ಬಸ್ಸಿನವರೆಗೆ ಮಾತ್ರ. ದಾವಣಗೆರೆಯಲ್ಲಿ ಇಳಿದು ಬಸ್ಸು ಬದಲಿಸಿ, ನಿಂತುಕೊಂಡೇ ಬಿಳಿಚೋಡು ಸೇರುವಷ್ಟರಲ್ಲಿ ನನ್ನ ಅರ್ಧ ಸಂಸಾರ ಮುಗಿದಿರುತ್ತಿತ್ತು. ಒಂದೇ ಜಿಲ್ಲೆಯೊಳಗಾದರೆ ಟೀಚರುಗಳಿಗೆ ವರ್ಗ ಸಿಗುತ್ತಿತ್ತು. ಜಿಲ್ಲೆ ದಾಟುವುದೆಂದರೆ ಅಷ್ಟು ಸುಲಭವಿರಲಿಲ್ಲ. ಅರ್ಜಿ ಬರೆದು ಬರೆದು ಅವಳ ಅಕ್ಷರ ದುಂಡಗಾಗಿತ್ತೇ ಹೊರತು ಏನೂ ಆಗಿರಲಿಲ್ಲ.

ಅಂಥದ್ದರಲ್ಲಿ ಒಂದು ದಾರಿ ತೋರಿತು. ಇಂಗ್ಲಿಷ್ ಕಲಿಸುವ ಟೀಚರುಗಳಿಗೆಂದು ಒಂದು ತರಬೇತಿ, ಕೊನೆಗೆ ಬಾಯಿ ಪರೀಕ್ಷೆ. ಪಾಸಾದವರನ್ನು ಪಕ್ಕದ ಜಿಲ್ಲೆಯವರೂ ಕೇಳಿ ತೆಗೆದುಕೊಳ್ಳುತ್ತಾರೆ ಎಂದು ಕಚೇರಿಯ ಗುಮಾಸ್ತರು ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: "ಪೇಲಾದ್ರೆ ಮಾತ್ರ ಮೂರು ವರ್ಷ ಮತ್ತೆ ಕೂರಂಗಿಲ್ಲಮ್ಮ, ನೋಡ್ಕಂಡು ಕಟ್ಟು."

ಮೂರು ವರ್ಷ! ನಾನು ಲೆಕ್ಕದ ಮನುಷ್ಯ. ಮೂರು ವರ್ಷಕ್ಕೆ ಎಷ್ಟು ಶನಿವಾರ ಎಂದು ಬಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ, ಅರ್ಧಕ್ಕೆ ಬಿಟ್ಟೆ.

ತರಬೇತಿಯ ಪುಸ್ತಕದಲ್ಲಿ ಮಾತಾಡಲು ಹತ್ತು ವಿಷಯ ಕೊಟ್ಟಿದ್ದರು: ನಮ್ಮ ಶಾಲೆ, ಸಂತೆ, ಅಂಚೆ ಕಚೇರಿ, ಹೀಗೆ. ಅದರಲ್ಲಿ ಸೈಕಲ್ಲೂ ಒಂದು. ಪರೀಕ್ಷೆಗೆ ಬರುವ ಮೇಡಂ ಹಿಂದಿನ ಎರಡು ತಂಡದಲ್ಲೂ ಎಲ್ಲರಿಗೂ ಸೈಕಲ್ಲಿನ ಮೇಲೆಯೇ ಕೇಳಿದ್ದರಂತೆ. ಈ ಸುದ್ದಿ ಕೇಳಿದಾಗ ನನಗಾದ ಸಂತೋಷ ಹೇಳತೀರದು. ದೇವರು ನನ್ನ ಅಂಗಡಿಯ ಬಾಗಿಲಿಗೇ ಬಂದಂತೆ ಅನ್ನಿಸಿತು.

"ಸುಶೀಲ, ನೀನು ಬೇರೆ ಯಾವುದೂ ಓದಬ್ಯಾಡ. ಸೈಕಲ್ ನಂಗೆ ಬಿಡು," ಅಂದೆ.

ಅವಳು ನನ್ನ ಮುಖ ನೋಡಿದಳು. "ನಿಮಗೆ ಇಂಗ್ಲಿಷ್ ಬರುತ್ತಾ?"

ಕೇಳಬಾರದ ಪ್ರಶ್ನೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ನನ್ನನ್ನು ಎರಡು ಸಲ ಕೆಡವಿತ್ತು. ಆದರೆ ಹ್ಯಾಂಡಲ್, ಪೆಡಲ್, ರಿಮ್ಮು, ಚೈನು, ಮಡ್‌ಗಾರ್ಡು, ಬಾಲ್‌ಬೇರಿಂಗು, ಇವೆಲ್ಲ ಇಂಗ್ಲಿಷಲ್ಲದೆ ಮತ್ತೇನು? ನನಗೆ ಗೊತ್ತಿದ್ದ ಇಂಗ್ಲಿಷಿಗೆಲ್ಲ ಎಣ್ಣೆ ಮೆತ್ತಿಕೊಂಡಿತ್ತು, ಅಷ್ಟೆ. ಸುಶೀಲಳ ಇಂಗ್ಲಿಷ್ ಶುಭ್ರವಾಗಿತ್ತು. ನಿಧಾನಕ್ಕೆ, ಒಂದೊಂದೇ ಮಾತು ಹೆಕ್ಕಿ ಮಾತಾಡುತ್ತಿದ್ದಳು. ಅವಳ ಪಾಡಿಗೆ ಅವಳನ್ನು ಬಿಟ್ಟಿದ್ದರೆ ಸಾಕಾಗಿತ್ತು. ಆದರೆ ಸಲಹೆ ಕೊಡದೆ ಸುಮ್ಮನಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ.

ನಾನು ಸೈಕಲ್ ಕಲಿತದ್ದು ನಮ್ಮೂರು ಕೆರೆಬಿಳಚಿಯಲ್ಲಿ, ಸೀಟು ಎಟುಕದ ವಯಸ್ಸಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ ಏಡಿಯ ಹಾಗೆ ಓರೆಯಾಗಿ ತುಳಿದು. ಆ ಸೈಕಲ್ಲು ನಮ್ಮದಲ್ಲ, ಅಂಚೆಯವರದು. ಅವರು ಗೌಡರ ಮನೆಯಲ್ಲಿ ಮಜ್ಜಿಗೆ ಕುಡಿಯುವಷ್ಟು ಹೊತ್ತು ಒರೆಸಿಕೊಡುತ್ತೇನೆ ಎಂದು ಈಸಿಕೊಂಡು, ಒಂದು ಸುತ್ತು ಹೊಡೆದು, ಆಮೇಲೆ ನಿಜವಾಗಿಯೂ ಒರೆಸಿಕೊಡುತ್ತಿದ್ದೆ. ನನ್ನ ಮೊದಲ ವ್ಯಾಪಾರ ಅದೇ. ಮುಂದೆ ಚನ್ನಗಿರಿಯಲ್ಲಿ ಹಳೆ ಸೈಕಲ್ ಕೊಂಡು, ಬಣ್ಣ ಬಳಿದು ಮಾರಲು ಶುರುಮಾಡಿದೆ. ಹಳೆ ಸೈಕಲ್ ಕೊಳ್ಳುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಬಣ್ಣ ನೋಡಬೇಡಿ. ಮುಂದಿನ ಚಕ್ರ ಎತ್ತಿ ತಿರುಗಿಸಿ, ಕಣ್ಣು ಮುಚ್ಚಿ ಕಿವಿ ಕೊಡಿ. ಮಾರುವವನು ಆಗ ಜೋರಾಗಿ ಮಾತಾಡತೊಡಗಿದರೆ ಆ ಸೈಕಲ್ ಬಿಟ್ಟು ಬನ್ನಿ. ನಾನು ಜೋರಾಗಿಯೇ ಮಾತಾಡುತ್ತಿದ್ದೆ.

ಇಂಥವನು ಹೆಂಡತಿಗೆ ಪಾಠ ಹೇಳಿದರೆ ಹೇಗಿರಬೇಡ? ಮಾರುವ ಸೈಕಲ್ಲನ್ನು ಹೊಗಳುವ ಹಾಗೆಯೇ ಇಪ್ಪತ್ತೆರಡು ವಾಕ್ಯ ಕಟ್ಟಿದೆ. ಕನ್ನಡದಲ್ಲಿ ನಾನು ಹೇಳಿದೆ, ಇಂಗ್ಲಿಷಿಗೆ ಅವಳು ತಂದಳು. ದಿಸ್ ಈಸ್ ಮೈ ಬೈಸಿಕಲ್. ಇಟ್ ಈಸ್ ಬ್ಲ್ಯಾಕ್ ಇನ್ ಕಲರ್. ಇಟ್ ಈಸ್ ವೆರಿ ಸ್ಟ್ರಾಂಗ್. ಇಟ್ ನೆವರ್ ಗಿವ್ಸ್ ಟ್ರಬಲ್. ನಾನು ಗೋಣಿಚೀಲದ ಮೇಲೆ ಕೂತು ಪರೀಕ್ಷೆಯ ಮೇಡಂ ಆಗುತ್ತಿದ್ದೆ. ಅವಳು ಬಾಗಿಲ ಬಳಿ ನಿಂತು ಒಪ್ಪಿಸುತ್ತಿದ್ದಳು. ಒಂದು ವಾಕ್ಯ ತಪ್ಪಿದರೆ ಮೊದಲಿನಿಂದ.

ಬಿಳಿಚೋಡಿನಲ್ಲಿ ಸುಶೀಲ ಬಾಡಿಗೆಗಿದ್ದ ಮನೆಯ ಒಡತಿ ಹಾಲಮ್ಮಜ್ಜಿ, ಕುರಿ ಸಾಕಿ ಬದುಕಿದ ಹೆಂಗಸು, ಪಕ್ಕದ ಕೋಣೆಯಲ್ಲೇ ಇದ್ದಳು. ಮೂರನೇ ಭಾನುವಾರ ಅವಳಿಗೆ ತಡೆಯಲಾಗಲಿಲ್ಲ.

"ಏನವ್ವ ಅದು, ವಾರಾವಾರ ಗಂಡನ ಮುಂದೆ ನಿಂತು ಮಂತ್ರ ಹೇಳ್ತೀಯಲ್ಲ?"

"ಸೈಕಲ್ ಬಗ್ಗೆ ಅಜ್ಜಿ."

"ಸೈಕಲ್ ಬಗ್ಗೆ ಏನು?"

"ಎರಡು ಗಾಲಿ ಐತೆ, ಗಟ್ಟಿ ಐತೆ, ಯಾವತ್ತೂ ಕೈ ಕೊಡಲ್ಲ, ಹಿಂಗೆ."

ಅಜ್ಜಿ ನನ್ನ ಕಡೆ ತಿರುಗಿದಳು. "ನಾನು ಸಾವಿರ ಕುರಿ ಮಾರೀನಿ ಕಣಪ್ಪ. ಒಂದು ಕುರೀನೂ ಇಷ್ಟು ಹೊಗಳಿಲ್ಲ. ಹೊಗಳಿದಷ್ಟೂ ಕೊಳ್ಳೋನು ಬಾಯಿ ತೆಗೆದು ಹಲ್ಲು ನೋಡ್ತಾನೆ."

ಅನುಭವದ ಮಾತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಶೀಲಳ ತಕರಾರು ಬೇರೆಯೇ ಇತ್ತು. "ನಾನು ಹತ್ತೇ ಇಲ್ಲದ ಸೈಕಲ್ನ ನಂದು ಅಂತ ಹೆಂಗೆ ಹೇಳಲ್ರೀ?"

"ಎಮ್ಮೆ ಮಾರೋನು ಎಮ್ಮೆ ಮೇಲೆ ಹತ್ತಿರ್ತಾನಾ? ಹೇಳು ನೀನು."

"ಅವರು ನಡುವೆ ಬೇರೆ ಏನಾರ ಕೇಳಿದ್ರೆ?"

"ಕೇಳಾಕೆ ಪುರಸೊತ್ತು ಕೊಡಬ್ಯಾಡ. ಮಾತು ನಿಂತ ಕಡೆ ಚೌಕಾಸಿ ಶುರುವಾಗುತ್ತೆ."

ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಆ ಶನಿವಾರ ಬಸ್ಸು ಕೆಟ್ಟು ನಾನು ತಡವಾಗಿ ಬಂದಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈಕಾಲು ತೊಳೆಯುವ ಮೊದಲೇ "ಎಲ್ಲಿ, ಹದಿಮೂರನೇ ವಾಕ್ಯ ಹೇಳು" ಅಂದೆ. ಅವಳು ಮೊರ ಕೆಳಗಿಟ್ಟಳು. ದನಿ ಎತ್ತರಿಸಲಿಲ್ಲ.

"ಮೊದಲು ವಾರಕ್ಕೊಂದ್ಸಲ ಗಂಡ ಬರ್ತಿದ್ದ. ಈಗ ಗಿರಾಕಿ ಬರ್ತಾನೆ."

ಆ ಭಾನುವಾರ ಪಾಠ ನಡೆಯಲಿಲ್ಲ. ಸೋಮವಾರ ನಸುಕಿನಲ್ಲಿ ಬಸ್ಸಿಗೆ ಹೊರಟಾಗ ಅವಳು ಬುತ್ತಿ ಕೈಗಿಟ್ಟು, ಹದಿಮೂರನೇ ವಾಕ್ಯವನ್ನು ತಪ್ಪಿಲ್ಲದೆ ಹೇಳಿ ಬಾಗಿಲು ಹಾಕಿಕೊಂಡಳು. ದಾವಣಗೆರೆವರೆಗೂ ನನಗೆ ಆ ಬುತ್ತಿ ಬಿಚ್ಚುವ ಧೈರ್ಯ ಬರಲಿಲ್ಲ.

ಪರೀಕ್ಷೆ ಜಗಳೂರಿನ ಒಂದು ಶಾಲೆಯಲ್ಲಿ. ನಾನು ಅಂಗಡಿ ಮುಚ್ಚಿ ಹಿಂದಿನ ದಿನವೇ ಬಂದೆ. ಬರಬೇಡಿ ಎಂದು ಅವಳು ಕಾಗದ ಬರೆದಿದ್ದಳು. ಅದು ತಲುಪಲೇ ಇಲ್ಲ ಎಂದು ಸುಳ್ಳು ಹೇಳಿದೆ. ಶಾಲೆಗೆ ಹೋಗುವ ದಾರಿಯಲ್ಲಿ ನನ್ನ ಬತ್ತಳಿಕೆಯ ಕೊನೆಯ ಬಾಣವನ್ನೂ ಕೊಟ್ಟೆ.

"ನೋಡು, ಮೇಡಂ ಮುಖ ಗಂಟು ಹಾಕಿದ್ರೆ ಬೇಡಿಕೊಳ್ಳಾಕೆ ಹೋಗಬ್ಯಾಡ. ಬೇಡಿಕೊಂಡೋರಿಗೆ ಬೆಲೆ ಇಲ್ಲ. ಥ್ಯಾಂಕ್ಯೂ ಮೇಡಂ ಅಂದು ಎದ್ದು ಹೊರಡು. ನಾಲ್ಕು ಹೆಜ್ಜೆಯೊಳಗೆ ಕರೀತಾರೆ. ಕರೆದ ಮೇಲೆ ನಿನ್ನ ಕೈ ಮೇಲು. ನಾನು ಕಿಟಕಿ ಹತ್ರ ಇರ್ತೀನಿ. ಹೆಗಲ ಮೇಲಿನ ಟವಲ್ ತೆಗೆದು ಕೊಡವಿದೆ ಅಂದ್ರೆ ಎದ್ದೇಳು."

"ಅದು ಪರೀಕ್ಷೆ ಕಣ್ರೀ."

"ಎಲ್ಲಾ ಕಡೆ ಮನುಷ್ಯರೇ ಕೂತಿರ್ತಾರೆ ಕಣೆ."

ಆ ಮಾತು ಹೇಳಿದಾಗ ನನಗೆ ನನ್ನ ಬಗ್ಗೆ ಎಂಥ ಹೆಮ್ಮೆ ಇತ್ತೆಂದರೆ, ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಬೇವಿನ ಮರದ ಕೆಳಗೆ ಹದಿನೈದಿಪ್ಪತ್ತು ಟೀಚರುಗಳು ಕಾಯುತ್ತಿದ್ದರು. ಎಲ್ಲರ ತುಟಿಯೂ ಅಲ್ಲಾಡುತ್ತಿತ್ತು, ಯಾರ ದನಿಯೂ ಕೇಳುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಜವಾನ ಕೂಗುತ್ತಿದ್ದ. ಒಳಗೆ ಹೋದವರು ಹೊರಗೆ ಬರುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಸೈಕಲ್ಲೇ," ಎಂದು ಮಾತ್ರ ಒಬ್ಬಾಕೆ ಉಸುರಿದಳು. ನಾನು ಸುಶೀಲಳ ಕಡೆ ನೋಡಿ ಹುಬ್ಬು ಹಾರಿಸಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬೆರಳು ಬೆಳ್ಳಗಾಗಿತ್ತು.

ಅವಳ ಹೆಸರು ಕೂಗಿದರು. ನಾನು ಕಿಟಕಿಗೆ ಹೋದೆ.

ಮೇಡಂ ವಯಸ್ಸಾದವರು, ಕಾಟನ್ ಸೀರೆ, ಮೇಜಿನ ಮೇಲೆ ಫ್ಲಾಸ್ಕು. ಸುಶೀಲ ಕೂತಳು, ಶುರುಮಾಡಿದಳು. ಮಾತು ನನಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ಆದರೆ ಅವಳ ತುಟಿ ನನಗೆ ಬಾಯಿಪಾಠ. ಒಂದು, ಎರಡು, ಮೂರು. ಆರನೇ ವಾಕ್ಯಕ್ಕೆ ಮೇಡಂ ಕೈ ಎತ್ತಿ ನಿಲ್ಲಿಸಿ ಏನೋ ಕೇಳಿದರು. ಸುಶೀಲ, ಅಯ್ಯೋ, ಮೊದಲನೇ ವಾಕ್ಯದಿಂದ ಮತ್ತೆ ಶುರುಮಾಡಿದಳು. ತಪ್ಪಿದರೆ ಮೊದಲಿನಿಂದ ಎಂದು ಕಲಿಸಿದವನು ನಾನೇ ತಾನೆ? ಮೇಡಂ ಮತ್ತೆ ಕೇಳಿದರು. ಅವಳು ಮತ್ತೆ ದಿಸ್ ಈಸ್ ಮೈ ಬೈಸಿಕಲ್. ಮೇಡಂ ಪೆನ್ನು ಕೆಳಗಿಟ್ಟರು.

ಪೆನ್ನು ಕೆಳಗಿಟ್ಟದ್ದು ನೋಡಿ ಬುದ್ಧಿ ಓಡಲಿಲ್ಲ, ಕೈ ಮಾತ್ರ ಓಡಿತು. ಟವಲ್ ತೆಗೆದು ಕೊಡವಿದೆ.

ಸುಶೀಲ ನೋಡಿದಳು. ಎದ್ದಳು. ಕೈಮುಗಿದಳು. ಹೊರಟಳು.

ಒಂದು ಹೆಜ್ಜೆ. ಮೇಡಂ ಕನ್ನಡಕ ತೆಗೆದರು. ಎರಡು. ಕನ್ನಡಕ ಒರೆಸಿದರು. ಮೂರು. ನಾನು ಕಿಟಕಿಯ ಸರಳು ಹಿಡಿದಿದ್ದೆ. ಕೆಮ್ಮಿ ತಾಯಿ, ಒಂದು ಸಲ ಕೆಮ್ಮಿ. ನಾಲ್ಕು. ಮೇಡಂ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಚಹಾ ಬಗ್ಗಿಸಿಕೊಂಡರು. ಐದು, ಆರು. ಕೋಣೆ ಮುಗಿಯಿತು. ಸುಶೀಲ ಹೊರಗೆ ಬಂದು ನನ್ನ ಎದುರು ನಿಂತಳು.

"ಕರೀಲಿಲ್ಲ," ಅಂದಳು.

"ಇರು, ಇರು. ಚಾ ಕುಡಿದು ಕರೀಬೌದು."

"ಯಾಕೆ ಕರೀತಾರೆ? ಅವರಿಗೇನು ನಾನು ಬೇಕಾಗಿದ್ನಾ? ನಂಗೆ ತಾನೆ ಅವರು ಬೇಕಾಗಿದ್ದದ್ದು?"

ವ್ಯಾಪಾರದಲ್ಲಿ ಹದಿನೈದು ವರ್ಷ ಸವೆಸಿದವನಿಗೆ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ. ಅಂಗಡಿಯವನಿಗೆ ಸಾಮಾನು ಹೋಗಬೇಕು, ಅದಕ್ಕೇ ಕರೆಯುತ್ತಾನೆ. ಆ ಕೋಣೆಯಲ್ಲಿ ಮಾರಾಟವಾಗದೆ ಕೊಳೆಯುವಂಥದ್ದು ಏನಿತ್ತು? ನಮ್ಮಿಬ್ಬರ ಮೂರು ವರ್ಷ ಮಾತ್ರ.

ಜವಾನ ಮುಂದಿನ ಹೆಸರು ಕೂಗಿದ. ಉಬ್ರಾಣಿ ಕಡೆಯಿಂದ ಮದುವೆಯಾಗಿ ಬಂದಿದ್ದ ಒಬ್ಬ ಟೀಚರು ಸೆರಗು ಸರಿಮಾಡಿಕೊಂಡು ಎದ್ದಳು. ಸುಶೀಲ ಅವಳ ಕೈ ಹಿಡಿದಳು. "ಅಕ್ಕ, ಎರಡು ನಿಮಿಷ. ನಂದಿನ್ನೂ ಮುಗಿದಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಕಿಟಕಿ ಹತ್ರ ಬರಬ್ಯಾಡ್ರಿ. ಟವಲ್ ಇಲ್ಲಿ ಕೊಡ್ರಿ."

ಟವಲ್ ಕಿತ್ತುಕೊಂಡು, ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು. ಜವಾನ "ಏನಮ್ಮಾ, ಎಲ್ಲಿ..." ಎನ್ನುವಷ್ಟರಲ್ಲಿ ಒಳಗಿದ್ದಳು.

ನಮ್ಮ ಕಸುಬಿನಲ್ಲಿ ಎದ್ದು ಹೋದವನು ತಾನಾಗಿ ವಾಪಸು ಬಂದರೆ ಮುಗಿಯಿತು. ಹೇಳಿದ ಬೆಲೆಗೆ ಕೊಳ್ಳಬೇಕು, ನಗೆಗೀಡಾಗಬೇಕು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ, ಬಿಸಿಲಿಗೆ ಗೋಡೆ ಕಾದಿತ್ತು. ಒಳಗಿಂದ ಮೊದಲು ಮೇಡಂ ದನಿ, ಗಡುಸಾಗಿ. ಆಮೇಲೆ ಅವಳದು. ತಡವರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಇಪ್ಪತ್ತೆರಡರಲ್ಲಿ ಒಂದು ವಾಕ್ಯವೂ ಅಲ್ಲ ಅದು. ನನಗೆ ತಿಳಿದದ್ದು ಅಲ್ಲೊಂದು ಇಲ್ಲೊಂದು ಮಾತು: ಹಸ್ಬೆಂಡ್, ಸ್ಯಾಟರ್ಡೇ, ಪಂಕ್ಚರ್. ಪಂಕ್ಚರ್ ಯಾಕೆ ಬಂತು? ದೋಷ ಹೇಳಬೇಡ ಎಂದು ಎಷ್ಟು ಸಲ ಹೇಳಿದ್ದೆ! ಮೇಡಂ ಏನೋ ಕೇಳಿದರು, ಅವಳು "ನೋ ಮೇಡಂ" ಅಂದಳು. ಇನ್ನೇನೋ ಕೇಳಿದರು, "ಟೂ ಇಯರ್ಸ್" ಅಂದಳು. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಿದರು. ಮರದ ಕೆಳಗಿದ್ದವರೆಲ್ಲ ತುಟಿ ಅಲ್ಲಾಡಿಸುವುದು ನಿಲ್ಲಿಸಿ ಬಾಗಿಲನ್ನೇ ನೋಡುತ್ತಿದ್ದರು.

ಹೊರಗೆ ಬಂದವಳ ಹಣೆಯಲ್ಲಿ ಬೆವರು. ನನ್ನ ಟವಲಿನಲ್ಲೇ ಒರೆಸಿಕೊಂಡಳು. ಏನಾಯಿತು ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಅವಳೇ ಹೇಳಿದಳು.

"ಆ ಸೈಕಲ್ ನಂದಲ್ಲ ಅಂದೆ. ಹತ್ತಾಕೆ ಬರಲ್ಲ ಅಂದೆ."

"ಅಯ್ಯೋ. ಮತ್ತೆ?"

"ನಮ್ಮ ಮನೆಯವರ ಅಂಗಡೀಲಿ ಇಪ್ಪತ್ತು ಸೈಕಲ್ ಅದಾವೆ, ಪಂಕ್ಚರ್ ಆಗ್ತಾವೆ, ಅವರೇ ತಿದ್ದುತಾರೆ. ಆದ್ರೆ ಒಂದು ಸೈಕಲ್ಲೂ ಬಿಳಿಚೋಡಿನ ತಂಕ ಬರಲ್ಲ ಅಂದೆ."

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಂಡಕ್ಟರು ಟಿಕೆಟ್ ಎಂದು ಬಂದದ್ದೇ ಉಪಕಾರವಾಯಿತು.

ಫಲಿತಾಂಶ ಬರಲು ಒಂದೂವರೆ ತಿಂಗಳು ಹಿಡಿಯಿತು. ಆ ಒಂದೂವರೆ ತಿಂಗಳು ನಾನು ಬಾಡಿಗೆ ಸೈಕಲ್ಲಿನ ಗಂಟೆಗಳನ್ನು ತಪ್ಪಾಗಿ ಬರೆದುಕೊಂಡೆ. ಶನಿವಾರ ಹೋದಾಗ ಪರೀಕ್ಷೆಯ ಮಾತು ಎತ್ತಬಾರದೆಂದು ಪಣ ತೊಟ್ಟಿದ್ದೆ, ಅವಳೂ ಎತ್ತುತ್ತಿರಲಿಲ್ಲ. ನಡುವೆ ಹಾಲಮ್ಮಜ್ಜಿ ಮಾತ್ರ "ಸೈಕಲ್ ಯಾಪಾರ ಕುದುರಿತಾ ಇಲ್ಲಾ?" ಎಂದು ಕೇಳುತ್ತಿದ್ದಳು.

ಪಾಸಾಗಿದ್ದಳು. ಅದರ ಹಿಂದೆಯೇ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಆದೇಶವೂ ಬಂತು. ನಾನು ಓದಿ ಮತ್ತೊಮ್ಮೆ ಓದಿದೆ. ಜಿಲ್ಲೆ ದಾಟಿತ್ತು, ಆದರೆ ಊರು ಚನ್ನಗಿರಿ ಅಲ್ಲ, ನ್ಯಾಮತಿ. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿನ ಊರು. ಚನ್ನಗಿರಿಯಿಂದ ಅಲ್ಲಿಗೂ ಬಸ್ಸೇ, ಅಲ್ಲಿಂದ ಇಲ್ಲಿಗೂ ಬಸ್ಸೇ.

ನನ್ನ ತಲೆ ತಕ್ಷಣ ಓಡಿತು. "ಇದನ್ನ ಈಗಲೇ ಒಪ್ಪಿಕೋಬ್ಯಾಡ. ನಾನು ಶಿವಮೊಗ್ಗಕ್ಕೆ ಹೋಗಿ ಬರ್ತೀನಿ. ಚನ್ನಗಿರೀನೇ ಬೇಕು ಅಂತ ಮೊದಲು ಪಟ್ಟು ಹಿಡಿಯಾಣ. ಅವರು ಇಲ್ಲ ಅಂತಾರೆ. ಆಮೇಲೆ ಕೆರೆಬಿಳಚಿಗೆ ಇಳಿಯಾಣ. ಅದೂ ಇಲ್ಲ ಅಂದ್ರೆ..."

ಅವಳು ಆದೇಶದ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಳು.

"ನಾನು ಅರ್ಧ ದಾರಿ ಬಂದೀನಿ," ಅಂದಳು.

ಅಷ್ಟೇ. ಟ್ರಂಕು ಕಟ್ಟಿದಳು, ಅಜ್ಜಿಗೆ ನಮಸ್ಕಾರ ಮಾಡಿದಳು, ನ್ಯಾಮತಿಗೆ ಹೋಗಿ ಹಾಜರಾದಳು.

ನಾನು ಚನ್ನಗಿರಿಗೆ ಬಂದು ಅಂಗಡಿಯ ಮುಂದೆ ನಾಲ್ಕು ದಿನ ಸುಮ್ಮನೆ ಕೂತೆ. ಬಸ್‌ಸ್ಟ್ಯಾಂಡಿನ ಎದುರು, ಮೂಲೆಯ ಜಾಗ. ಅಂಥ ಜಾಗ ಹಿಡಿಯಲು ನನಗೆ ಎಂಟು ವರ್ಷ ಬೇಕಾಗಿತ್ತು. ಆ ಜಾಗದ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ ಒಬ್ಬ ಬಟ್ಟೆ ವ್ಯಾಪಾರಿಗೆ ಐದನೇ ದಿನ ಹೇಳಿಕಳಿಸಿದೆ. ಅವನು ಬಂದು, ನೆಲ ನೋಡಿ, ಸೂರು ನೋಡಿ, ನಾನು ಹೇಗೂ ಮೇಲಕ್ಕೆ ಎಳೆಯುತ್ತೇನೆಂದು ಕೆಳಗಿಂದ ಒಂದು ಬೆಲೆ ಹೇಳಿದ. ಆಗಲಿ ಅಂದೆ. ಅವನಿಗೆ ಸಂತೋಷವಾಗುವ ಬದಲು ಹೆದರಿಕೆಯಾಗಿ, ಮತ್ತೊಮ್ಮೆ ಸೂರು ನೋಡಿದ. ಹಾಗೆ ಮಾಡಿದ್ದು ವ್ಯಾಪಾರದಲ್ಲಿ ದೊಡ್ಡ ತಪ್ಪು, ನೀವ್ಯಾರೂ ಮಾಡಬೇಡಿ.

ಲಾರಿಯಲ್ಲಿ ಸೈಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ನ್ಯಾಮತಿಗೆ ತಂದಾಗ ಶಾಲೆ ಬಿಟ್ಟಿತ್ತು. ಸುಶೀಲ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಬರುತ್ತೇನೆಂದು ನಾನು ಹೇಳಿಕಳಿಸಿರಲಿಲ್ಲ. ಅವಳು ನನ್ನನ್ನು ನೋಡಿದಳು, ಲಾರಿ ನೋಡಿದಳು, ಹಗ್ಗ ಬಿಚ್ಚುವ ಕಡೆ ಕೈ ಹಾಕಿದಳು. ಪಕ್ಕದ ಮನೆಯ ಹೆಂಗಸು ಹೊಸ ಪರಿಚಯ, ಒಳ್ಳೆಯ ಮಾತು. ನನಗೆ ಒಂದು ಲೋಟ ನೀರು ತಂದುಕೊಟ್ಟು, ನೆಂಟರ ಬಗ್ಗೆ ಕೇಳುವ ಹಾಗೆ ಸುಶೀಲಳನ್ನು ಕೇಳಿದಳು:

"ನಿಮ್ಮನೆಯವರಾ ಟೀಚರೇ? ಸಾಮಾನು ಇಳಿಸಿ ಯಾವ ಬಸ್ಸಿಗೆ ಹೋಗ್ತಾರೆ?"

ಸುಶೀಲ ಸೈಕಲ್ಲಿನ ಹ್ಯಾಂಡಲ್ ಹಿಡಿದು ಕೆಳಗೆ ಎಳೆಯುತ್ತಿದ್ದಳು, ಉಸಿರು ಕಟ್ಟಿತ್ತು.

"ಹೋಗಲ್ಲ," ಅಂದಳು.